ಘಾಟಿಯಲ್ಲಿ ಗಾಡಿ ಎಳೆಯದೇ ಹೋದಾಗ: ಹಾಸನದ ಒಂದು ಸಣ್ಣ ಗ್ಯಾರೇಜಿನ ಬಗ್ಗೆ

ಟರ್ಬೊ (ಇಂಜಿನ್ ಒಳಗೆ ಒತ್ತಡದಲ್ಲಿ ಗಾಳಿ ತುಂಬುವ ಭಾಗ) ಹೋಗಿದೆ, ಬದಲಾಯಿಸಬೇಕು, 68 ಸಾವಿರ ಆಗುತ್ತದೆ ಅಂತ ಒಂದು ಕಡೆ ಎಸ್ಟಿಮೇಟ್ ಕೊಟ್ಟಿದ್ದರು. ಅದೇ ಗಾಡಿ ಇನ್ನೊಂದು ಕಡೆ 2,650 ರೂಪಾಯಿಗೆ ಸರಿಯಾಯಿತು. ಹಳೇ ಟರ್ಬೊ ಇವತ್ತಿಗೂ ಅದರಲ್ಲೇ ಇದೆ, ಚೆನ್ನಾಗಿ ಕೆಲಸ ಮಾಡುತ್ತಿದೆ. ನಾನು ಬರೆಯುತ್ತಿರುವುದು ಆ ಎರಡನೇ ಜಾಗದ ಬಗ್ಗೆ. ಹಾಸನದಲ್ಲಿ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗುವ, ಮೂರೇ ಜನ ಕೆಲಸ ಮಾಡುವ ಗ್ಯಾರೇಜು. ಹೆಸರು ಹಾಕಬೇಡಿ ಅಕ್ಕ, ಈಗ ಬರೋ ಗಾಡಿನೇ ಮುಗಿಸೋಕೆ ಆಗ್ತಿಲ್ಲ ಅಂತ ಅವರೇ ಕೇಳಿಕೊಂಡರು. ಹಾಗಾಗಿ ಹೆಸರು ಇಲ್ಲ. ಅವರು ಕೆಲಸ ಮಾಡಿದ ರೀತಿಯನ್ನು ಮಾತ್ರ ಬಿಡಿಸಿ ಬರೆಯುತ್ತೇನೆ. ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಏನು ಕೇಳಬೇಕು ಅಂತ ನಿಮಗೂ ಗೊತ್ತಾಗಲಿ.

ನಮ್ಮದು 2016ರ ಗಾಡಿ, 1.5 ಲೀಟರ್ ಟರ್ಬೊ ಡೀಸೆಲ್, ಬಿಎಸ್4 ಅಂದರೆ ಹಳೇ ಹೊಗೆ ನಿಯಮದ್ದು. ನಾನಿರುವುದು ಹಾಸನದಲ್ಲಿ, ತವರು ಮನೆ ಪುತ್ತೂರು. ತಿಂಗಳಿಗೆ ಒಂದು ಸಲವಾದರೂ ಶಿರಾಡಿ ಘಾಟಿ ಹತ್ತಿ ಇಳಿಯುವುದು ಇದ್ದೇ ಇದೆ. ಓಡಿಸುವುದು ನಾನೇ.

ಜೂನ್ ಕೊನೆಯ ವಾರ, ಮಳೆ ಹಿಡಿದಿತ್ತು. ಅಮ್ಮ ಪಕ್ಕದಲ್ಲಿ, ಮಗ ಹಿಂದೆ ನಿದ್ದೆಯಲ್ಲಿ. ಗುಂಡ್ಯ ದಾಟಿ ಏರು ಶುರುವಾಗಿತ್ತು. ಮುಂದೆ ಒಂದು ಗ್ಯಾಸ್ ಟ್ಯಾಂಕರ್ ತೆವಳುತ್ತಿತ್ತು, ಸ್ವಲ್ಪ ನೇರ ರಸ್ತೆ ಸಿಕ್ಕಿತು, ಎದುರಿಗೆ ಯಾರೂ ಇಲ್ಲ ಅಂತ ನೋಡಿಕೊಂಡು ಮೂರನೇ ಗೇರಿಗೆ ಹಾಕಿ ಆಕ್ಸಲರೇಟರ್ ಪೂರ್ತಿ ಒತ್ತಿ ಬಲಕ್ಕೆ ಬಂದೆ. ಟ್ಯಾಂಕರಿನ ಅರ್ಧದವರೆಗೆ ಹೋಗಿದ್ದೆ ಅಷ್ಟೇ. ಬಾನೆಟ್ ಒಳಗಿಂದ ‘ಸ್ಸ್’ ಅಂತ ಒಂದು ಸದ್ದು. ಅದರ ಹಿಂದೆಯೇ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಗಾಡಿ ಸೊರಗಿತು. ಒತ್ತಿದರೆ ಒತ್ತಿದಷ್ಟೂ ಏನೂ ಇಲ್ಲ. ತಿರುವಿನಿಂದ ಒಂದು ಲಾರಿ ಇಳಿದು ಬಂತು. ನಾನು ಬ್ರೇಕ್ ಹಿಡಿದು ಮತ್ತೆ ಟ್ಯಾಂಕರ್ ಹಿಂದಕ್ಕೆ ಸೇರಿಕೊಂಡೆ. ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ಮಾತೂ ಆಡಲಿಲ್ಲ. ಆ ಮೌನ ಈಗಲೂ ನೆನಪಿದೆ.

ಚೆಕ್ ಇಂಜಿನ್ ಲೈಟು ಹತ್ತಿತ್ತು. ಅಲ್ಲಿಂದ ಮುಂದೆ ಎರಡನೇ ಗೇರಿನಲ್ಲಿ ಇಪ್ಪತ್ತೈದರ ವೇಗ, ಹಿಂದೆ ಬಸ್ಸಿನ ಹಾರ್ನು. ಎಷ್ಟೇ ಒತ್ತಿದರೂ ಇಂಜಿನ್ ನಿಮಿಷಕ್ಕೆ 3000 ಸುತ್ತು ದಾಟುತ್ತಿರಲಿಲ್ಲ. ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ ಆಫ್ ಮಾಡಿದೆ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸರಿಯಾಗಿ ಹೊರಟಿತು! ಮಾರನಹಳ್ಳಿ ಹತ್ತಿರ ಇನ್ನೊಂದು ಸಲ ಜೋರಾಗಿ ಒತ್ತಿದೆ, ಮತ್ತೆ ಅದೇ ಕಥೆ.

ಇದಕ್ಕೆ ಲಿಂಪ್ ಮೋಡ್ ಅಂತಾರೆ, ಕುಂಟುವ ಸ್ಥಿತಿ. ಟರ್ಬೊ ಕೊಡಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ, ಅಥವಾ ಜಾಸ್ತಿ ಬರುತ್ತಿದೆ ಅಂತ ಗಾಡಿಯ ಕಂಪ್ಯೂಟರಿಗೆ ಗೊತ್ತಾದರೆ ಇಂಜಿನ್ ಹಾಳಾಗಬಾರದು ಅಂತ ಅದೇ ಡೀಸೆಲ್ ಕಡಿಮೆ ಮಾಡುತ್ತದೆ, ಟರ್ಬೊವನ್ನೂ ತಡೆಯುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಗಾಡಿಗಳಲ್ಲಿ ಆ ತಡೆ ಹೋಗುತ್ತದೆ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ. ಆಫ್ ಮಾಡಿದರೆ ಸರಿಹೋಗುತ್ತೆ ಅಂತ ವಾರಗಟ್ಟಲೆ ಓಡಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಓವರ್‌ಟೇಕ್ ಮಧ್ಯದಲ್ಲಿ ಆಗುವುದೇ ಇದು, ಯಾಕೆಂದರೆ ಇಂಜಿನ್ ಮೇಲೆ ಪೂರ್ತಿ ಲೋಡು ಬೀಳುವುದು ಆಗಲೇ.

ಮೊದಲು ಹೋಗಿದ್ದು ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪಿಗೆ. ತಮ್ಮನೂ ಜೊತೆಗೆ ಬಂದಿದ್ದ. ಓಡಿಸಿದ್ದು ನಾನು, ಆದರೆ ಅಲ್ಲಿದ್ದವರು ಕೇಳಿದ್ದೆಲ್ಲ ‘ಸಾರ್, ಏನಾಗಿದೆ ಸಾರ್’ ಅಂತ ಅವನನ್ನೇ. ಸದ್ದಿನ ಬಗ್ಗೆ ನಾನು ಹೇಳಿದ್ದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳಲೇ ಇಲ್ಲ. ‘ಪಿಕಪ್ ಕಡಿಮೆ’ ಅಂತ ಎರಡೇ ಪದ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲು, ಇಜಿಆರ್ ವಾಲ್ವ್ (ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್ ಒಳಗೆ ಬಿಡುವುದು) ಕ್ಲೀನಿಂಗು, ಕೊನೆಗೆ ಇಂಜಿನ್ ವಾಶ್. ಎಲ್ಲ ಸೇರಿ 9,400 ರೂಪಾಯಿ. ಊರೊಳಗೆ ಗಾಡಿ ಚೆನ್ನಾಗೇ ಓಡಿತು, ಮೊದಲೂ ಊರೊಳಗೆ ಚೆನ್ನಾಗೇ ಇತ್ತಲ್ವಾ. ಮುಂದಿನ ಸಲ ಘಾಟಿಯಲ್ಲಿ ಮತ್ತೆ ಸೊರಗಿತು. ವಾಪಸ್ ಹೋದೆ. ಸ್ಕ್ಯಾನರ್ ಹಾಕಿ ಪಿ0299 ಅಂತ ಕೋಡ್ ತೋರಿಸಿದರು, ಟರ್ಬೊ ಅಸೆಂಬ್ಲಿ ಹೋಗಿದೆ ಅಂದರು, ಎಸ್ಟಿಮೇಟ್ ಪ್ರಿಂಟ್ ತೆಗೆದು ಕೈಗೆ ಕೊಟ್ಟರು.

ಆ ಕೋಡ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪಿ0299 ಅಂದರೆ ಅಂಡರ್‌ಬೂಸ್ಟ್, ಇರಬೇಕಾದ ಒತ್ತಡಕ್ಕಿಂತ ಕಡಿಮೆ ಇದೆ ಅಂತ ಮಾತ್ರ. ಯಾವ ಪಾರ್ಟು ಹೋಗಿದೆ ಅಂತ ಅದು ಹೇಳುವುದಿಲ್ಲ. ಜ್ವರ ಇದೆ ಅಂತ ಥರ್ಮಾಮೀಟರ್ ತೋರಿಸಿದ ಹಾಗೆ. ರಬ್ಬರ್ ಪೈಪು ಸೀಳಿದ್ದರೂ ಅದೇ ಕೋಡು, ಕ್ಲಿಪ್ಪು ಸಡಿಲವಾಗಿದ್ದರೂ ಅದೇ, ಟರ್ಬೊ ಒತ್ತಡ ಹೆಚ್ಚು ಕಡಿಮೆ ಮಾಡುವ ಆಕ್ಚುಯೇಟರಿಗೆ ಹೋಗುವ ಬೆರಳು ಗಾತ್ರಕ್ಕಿಂತ ಸಣ್ಣ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿದ್ದರೂ ಅದೇ. ನಮ್ಮ ಮಲೆನಾಡು ಕಡೆ ಮಳೆಗಾಲದಲ್ಲಿ ಇಲಿ ಬೆಚ್ಚಗೆ ಬಾನೆಟ್ ಒಳಗೆ ಸೇರುವುದು ಹೊಸದೇನಲ್ಲ. ಒತ್ತಡ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು, ಇಜಿಆರ್ ವಾಲ್ವ್ ತೆರೆದೇ ಉಳಿದಿರಬಹುದು, ಬೂಸ್ಟ್, ಅಂದರೆ ಟರ್ಬೊ ಒತ್ತಡ, ಕಂಟ್ರೋಲ್ ಮಾಡುವ ಸೊಲೆನಾಯ್ಡ್ ಅನ್ನುವ ಕರೆಂಟ್ ವಾಲ್ವ್ ಕೆಟ್ಟಿರಬಹುದು. ಟರ್ಬೊ ನಿಜವಾಗಿಯೂ ಹೋಗಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟರಲ್ಲಿ ಅತಿ ದುಬಾರಿ ಅದೇ, ಹಾಗಾಗಿ ಅದನ್ನು ಕೊನೆಗೆ ನೋಡಬೇಕು. ಆ ದೊಡ್ಡ ವರ್ಕ್‌ಶಾಪಿನವರು ಕೋಡ್ ನೋಡಿದ ಕೂಡಲೇ ನೇರ ಅದಕ್ಕೇ ಹೋಗಿದ್ದರು.

ಹಾಸನದ ಗ್ಯಾರೇಜನ್ನು ಹೇಳಿದ್ದು ನಮ್ಮ ಆಫೀಸಿನ ಡ್ರೈವರ್. ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಯಜಮಾನರಿಗೆ ಐವತ್ತರ ಹತ್ತಿರ ವಯಸ್ಸಿರಬಹುದು, ಬಾನೆಟ್ ತೆಗೆಯಲೇ ಇಲ್ಲ. ಮೊದಲು ಕೇಳಿದ್ದು, ‘ಗಾಡಿ ಓಡ್ಸೋದು ಯಾರು ಅಕ್ಕ?’

‘ನಾನೇ ಅಣ್ಣ.’

‘ಹಂಗಾದ್ರೆ ನೀವೇ ಹೇಳಿ. ನಿಧಾನಕ್ಕೆ ಹೇಳಿ, ಅರ್ಜೆಂಟ್ ಇಲ್ಲ.’

ಒಂದು ಉದ್ದದ ನೋಟ್‌ಬುಕ್ ತೆಗೆದು ಸ್ಟೂಲ್ ಹಾಕಿಕೊಂಡು ಕೂತರು. ಪವರ್ ಒಮ್ಮೆಲೇ ಹೋಯಿತಾ, ದಿನ ದಿನಕ್ಕೆ ಕಡಿಮೆ ಆಯಿತಾ? ಇಂಜಿನ್ ತಣ್ಣಗಿದ್ದಾಗಲೂ ಆಗುತ್ತಾ? ಯಾವ ಗೇರು, ಎಷ್ಟು ಸುತ್ತಿನಲ್ಲಿ? ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಾ? ಹೊಗೆ ಬಂತಾ, ಯಾವ ಬಣ್ಣ? ಇಂಜಿನ್ ಆಯಿಲ್ ಕಡಿಮೆಯಾಗುತ್ತಿದೆಯಾ? ನಾನು ‘ಸ್ಸ್’ ಸದ್ದಿನ ವಿಷಯ ಹೇಳಿದಾಗ ಬರೆಯುವುದನ್ನು ನಿಲ್ಲಿಸಿ ಮುಖ ನೋಡಿದರು. ‘ಸಿಳ್ಳೆ ಥರಾನಾ, ಗಾಳಿ ಬಿಟ್ಟ ಥರಾನಾ?’ ಗಾಳಿ ಬಿಟ್ಟ ಥರ ಅಂದೆ. ಅದರ ಕೆಳಗೆ ಎರಡು ಗೆರೆ ಎಳೆದರು.

ಯಾಕೆ ಇಷ್ಟೊಂದು ಕೇಳುತ್ತಾರೆ ಅಂತ ಆಮೇಲೆ ಅರ್ಥವಾಯಿತು. ನಿಧಾನಕ್ಕೆ ಕಡಿಮೆಯಾದರೆ ಅದು ಫಿಲ್ಟರ್ ಕಟ್ಟಿಕೊಂಡಿದ್ದು, ಮಸಿ ಕೂತಿದ್ದು ಇರಬಹುದು, ಹೊಸ ಬಿಎಸ್6 ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ತುಂಬಿದ್ದೂ ಇರಬಹುದು. ಒಮ್ಮೆಲೇ ಹೋದರೆ ಏನೋ ಬಿಟ್ಟಿದೆ, ಹರಿದಿದೆ, ಇಲ್ಲವೇ ಸಿಕ್ಕಿಕೊಂಡಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಆಗ ಟರ್ಬೊ ಮೇಲೆ ಅನುಮಾನ ಪಡಬಹುದು. ಕಪ್ಪು ಹೊಗೆ ಬಂದರೆ ಡೀಸೆಲ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ಹೊಗೆಯ ಬಣ್ಣ ನಾನು ಗಮನಿಸಿರಲಿಲ್ಲ. ಪರವಾಗಿಲ್ಲ, ಈಗ ನೋಡೋಣ ಅಂದರು.

ಮೊದಲ ಟೆಸ್ಟ್ ಇಂಜಿನ್ ಸ್ಟಾರ್ಟ್ ಮಾಡದೇ. ಕೀ ಮಾತ್ರ ಆನ್, ಸ್ಕ್ಯಾನರಿನಲ್ಲಿ ಮ್ಯಾಪ್ ಸೆನ್ಸರಿನ ರೀಡಿಂಗ್, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರು. ಇಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಾದರೆ ಸುಮಾರು 100 ಕಿಲೋಪಾಸ್ಕಲ್, ಹಾಸನ ಎತ್ತರದಲ್ಲಿರುವುದರಿಂದ 90ರ ಆಸುಪಾಸು. ನಮ್ಮದು 91 ತೋರಿಸಿತು. ‘ಸೆನ್ಸರ್ ಸುಳ್ಳು ಹೇಳ್ತಿಲ್ಲ’ ಅಂತ ಬರೆದುಕೊಂಡರು. ಒಂದು ನಿಮಿಷದ ಕೆಲಸ, ಒಂದು ಬೋಲ್ಟ್ ಬಿಚ್ಚಲಿಲ್ಲ. ಆ ದೊಡ್ಡ ವರ್ಕ್‌ಶಾಪಿನಲ್ಲಿ ಇದನ್ನು ಮಾಡಿದ್ದನ್ನು ನಾನು ನೋಡಲಿಲ್ಲ.

ಆಮೇಲೆ ರೋಡ್ ಟೆಸ್ಟ್. ನನ್ನನ್ನೇ ಓಡಿಸಲು ಹೇಳಿ, ತಾವು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತರು. ಊರ ಹೊರಗೆ ಒಂದು ಖಾಲಿ ಏರು. ಮೂರನೇ ಗೇರು, 1500 ಸುತ್ತಿನಿಂದ ಪೂರ್ತಿ ಒತ್ತಿ, ನಾನು ಸಾಕು ಅನ್ನೋವರೆಗೆ ಬಿಡಬೇಡಿ ಅಂದರು. ಪರದೆಯ ಮೇಲೆ ಎರಡು ಸಂಖ್ಯೆ ಅಕ್ಕಪಕ್ಕ ಓಡುತ್ತಿದ್ದವು, ಕಂಪ್ಯೂಟರ್ ಕೇಳುತ್ತಿರುವ ಒತ್ತಡ ಒಂದು, ನಿಜವಾಗಿ ಬರುತ್ತಿರುವುದು ಇನ್ನೊಂದು. ಕೇಳಿದ್ದು 220, ಬಂದಿದ್ದು 155. ‘ಕನ್ನಡಿ ನೋಡಿ’ ಅಂದರು. ಹಿಂದೆ ಕಪ್ಪು ಹೊಗೆಯ ಮೋಡ.

ಮೂರನೆಯ ಒಂದು ಸಂಖ್ಯೆಯನ್ನು ಗಾಡಿ ನಿಲ್ಲಿಸಿದ ಮೇಲೆ ತೋರಿಸಿದರು. ಅದು ಏರ್ ಫಿಲ್ಟರ್ ಪಕ್ಕದ ಎಂಎಎಫ್ ಸೆನ್ಸರಿನದ್ದು, ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆಯುತ್ತದೆ. ಅದು ಚೆನ್ನಾಗೇ ಏರಿತ್ತು. ಟರ್ಬೊ ಸೊರಗಿದ್ದರೆ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಇಲ್ಲೂ ಕಡಿಮೆ ಬರಬೇಕಿತ್ತು. ಗಾಳಿ ಒಳಗೆ ಹೋಗಿದೆ, ಆದರೆ ಇಂಜಿನ್‌ವರೆಗೆ ತಲುಪಿಲ್ಲ. ಅಂದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಕಪ್ಪು ಹೊಗೆಗೂ ಕಾರಣ ಅದೇ, ಒಳಗೆ ಹೋದ ಗಾಳಿಯ ಲೆಕ್ಕಕ್ಕೆ ಕಂಪ್ಯೂಟರ್ ಡೀಸೆಲ್ ಬಿಟ್ಟಿದೆ, ಗಾಳಿ ಅರ್ಧ ದಾರಿಯಲ್ಲೇ ಹೊರಗೆ ಹೋಗಿದೆ. ನನಗೆ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಗ್ಯಾರೇಜಿಗೆ ಬಂದು ಇಂಜಿನ್ ಆರಲು ಬಿಟ್ಟರು. ಸೋರಿಕೆ ಅಂತ ಗೊತ್ತಾದರೂ ಟರ್ಬೊ ನೋಡದೇ ಬಿಡಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಆ 68 ಸಾವಿರ ಕೂತಿತ್ತು. ಗಾಳಿ ಬರುವ ಪೈಪು ಬಿಚ್ಚಿ ಟಾರ್ಚ್ ಹಿಡಿದು ರೆಕ್ಕೆಗಳನ್ನು ತೋರಿಸಿದರು. ಒಂದೂ ಚಕ್ಕೆ ಎದ್ದಿರಲಿಲ್ಲ, ಗೋಡೆಗೆ ಉಜ್ಜಿದ ಗುರುತೂ ಇರಲಿಲ್ಲ. ಶಾಫ್ಟ್ ಹಿಡಿದು ಅಲ್ಲಾಡಿಸಿ, ಪಕ್ಕಕ್ಕೆ ಕೂದಲಷ್ಟು ಆಡೋದು ಮಾಮೂಲು, ಹಿಂದೆ ಮುಂದೆ ಆಡಬಾರದು ಅಂತ ನನ್ನ ಕೈಯಲ್ಲೇ ಮುಟ್ಟಿಸಿದರು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ವಸ್ತು ಅದು, ನನ್ನ ಬೆರಳಿಗೆ ತಾಗಿದ್ದು ಒಂದು ಸಣ್ಣ ತಣ್ಣನೆಯ ನಟ್ಟು. ಆಮೇಲೆ ಕೈ ವ್ಯಾಕ್ಯೂಮ್ ಪಂಪು ಹಾಕಿ ಆಕ್ಚುಯೇಟರ್ ಪರೀಕ್ಷೆ. ಕಡ್ಡಿ ತಡೆಯಿಲ್ಲದೆ ಮೇಲೆ ಹೋಯಿತು, ಪಂಪಿನ ಮುಳ್ಳು ಇಳಿಯಲಿಲ್ಲ. ‘ಟರ್ಬೊ ಚೆನ್ನಾಗಿದೆ’ ಅಂತ ನೋಟ್‌ಬುಕ್‌ನಲ್ಲಿ ಬರೆದರು. ನನಗೆ ಅಲ್ಲೇ ಅರ್ಧ ಜೀವ ಬಂತು.

ಸೋರಿಕೆ ಹುಡುಕಲು ಮೊದಲು ಸ್ಮೋಕ್ ಮಷಿನ್ ಹಚ್ಚಿದರು. ಪೈಪಿನೊಳಗೆ ಹೊಗೆ ತುಂಬಿಸುತ್ತಾರೆ, ತೂತು ಇದ್ದಲ್ಲಿ ಹೊಗೆ ಆಚೆ ಬರಬೇಕು. ಹತ್ತು ನಿಮಿಷ ಕಾದೆವು, ಎಲ್ಲೂ ಬರಲಿಲ್ಲ. ನಾನಾಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದೆ. ಅವರು ಬಿಡಲಿಲ್ಲ. ಸ್ಮೋಕ್ ಮಷಿನ್ನಿನ ಒತ್ತಡ ತುಂಬಾ ಕಡಿಮೆ, ಲೋಡಿನಲ್ಲಿ ಮಾತ್ರ ಬಾಯಿ ಬಿಡುವ ಸೀಳು ಇದಕ್ಕೆ ಸಿಗುವುದಿಲ್ಲ ಅಂದರು. ಒಳಗಿನಿಂದ ಒಂದು ಸಾಮಾನು ತಂದರು. ನೀರಿನ ಪಿವಿಸಿ ಪೈಪಿನ ಮುಚ್ಚಳ, ಅದರ ಮಧ್ಯೆ ಟೈರಿನ ವಾಲ್ವ್ ಕೂರಿಸಿದ್ದಾರೆ. ತಾವೇ ಮಾಡಿಕೊಂಡಿದ್ದಂತೆ. ಟರ್ಬೊ ಬಾಯಿಗೆ ಅದನ್ನು ಕ್ಲಿಪ್ ಹಾಕಿ ಬಿಗಿದು, ಇಂಜಿನ್‌ನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಮುಚ್ಚಿ, ಕಂಪ್ರೆಸರಿನಿಂದ ನಿಧಾನಕ್ಕೆ 15 ಪಿಎಸ್‌ಐ ಗಾಳಿ ಬಿಟ್ಟರು. ಹುಡುಗ ಸೋಪಿನ ನೀರು ಹಿಡಿದು ಪಂಕ್ಚರ್ ಅಂಗಡಿಯಲ್ಲಿ ಮಾಡುವ ಹಾಗೆ ಜಾಯಿಂಟ್ ಜಾಯಿಂಟಿಗೂ ಹಚ್ಚುತ್ತಾ ಹೋದ.

ಅದೇ ಸದ್ದು. ‘ಸ್ಸ್’. ಘಾಟಿಯಲ್ಲಿ ಕೇಳಿದ್ದೇ. ನನಗೆ ಮೈ ಜುಮ್ಮೆಂದಿತು.

‘ಇಲ್ಲಿ ಕೈ ಇಡಿ ಅಕ್ಕ’ ಅಂತ ಕರೆದರು. ಬಂಪರ್ ಹಿಂದೆ ಕೆಳಗಡೆ, ಟರ್ಬೊದಿಂದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪು ತಿರುಗುವ ಜಾಗ. ಅಂಗೈಗೆ ತಣ್ಣನೆ ಗಾಳಿ ಬಡಿಯಿತು, ಸೋಪಿನ ನೊರೆ ಬೆರಳ ಸಂದಿಯಲ್ಲಿ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಪೈಪು ಬಿಚ್ಚಿ ಕೈಗೆ ಕೊಟ್ಟರು. ಸುಮ್ನೆ ನೋಡಿದರೆ ಏನೂ ಇಲ್ಲ, ಕಪ್ಪು ರಬ್ಬರ್ ಅಷ್ಟೇ. ಎರಡೂ ಹೆಬ್ಬೆರಳಲ್ಲಿ ಬಾಗಿಸಿದರೆ ಒಂದು ಇಂಚಿನ ಬಾಯಿ ತೆರೆದುಕೊಳ್ಳುತ್ತದೆ, ಒಳಗೆ ದಾರದ ನೇಯ್ಗೆ ಕಾಣುತ್ತದೆ. ಊರೊಳಗೆ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಬಾಯಿ ಬಿಡುತ್ತದೆ. ಟರ್ಬೊದಿಂದ ಹೊರಡುವ ಗಾಳಿ ಪೂರ್ತಿ ಲೋಡಿನಲ್ಲಿ ಕುದಿಯುವ ನೀರಿಗಿಂತ ಬಿಸಿ ಇರುತ್ತದೆ, ಜೊತೆಗೆ ಸ್ವಲ್ಪ ಆಯಿಲ್ ಪಸೆ. ವರ್ಷಗಟ್ಟಲೆ ಅದನ್ನು ತಿಂದ ರಬ್ಬರ್ ಬಿರಿದಿತ್ತು.

ಒಂದು ಮಾತು ಹೇಳಿದರು, ಇದನ್ನು ನೀವೆಲ್ಲ ನೆನಪಿಟ್ಟುಕೊಳ್ಳಿ. ಇಂಥ ಸೀಳಿನ ಸುತ್ತ ಆಯಿಲ್ ಮಸಿಯ ಕಲೆ ಬಿದ್ದೇ ಬೀಳುತ್ತದೆ. ‘ಯಾರೋ ಇಂಜಿನ್ ತೊಳೆದು ಕಲೆ ಅಳಿಸವ್ರೆ. ಇಲ್ಲಾಂದ್ರೆ ಟಾರ್ಚ್ ಹಾಕಿ ಹತ್ತು ನಿಮಿಷದಲ್ಲಿ ಹೇಳ್ತಿದ್ದೆ.’ ಆ 9,400ರಲ್ಲಿ ವಾಶಿಂಗ್ ಚಾರ್ಜೂ ಇತ್ತು ಅನ್ನುವುದು ನನಗೆ ಇವತ್ತಿಗೂ ಬೇಜಾರು. ಕೋಪವೂ ಹೌದು. ದುಡ್ಡಿಗಿಂತ ಜಾಸ್ತಿ, ರಿಪೇರಿ ಆಯಿತು ಅಂತ ನಂಬಿ ಮತ್ತೆ ಅಮ್ಮನನ್ನು ಕೂರಿಸಿಕೊಂಡು ಅದೇ ಘಾಟಿ ಹತ್ತಿದ್ದಕ್ಕೆ.

ಪೈಪು ಹಾಸನದಲ್ಲಿ ಸ್ಟಾಕ್ ಇರಲಿಲ್ಲ. ಟೇಪ್ ಸುತ್ತಿ ಕಳಿಸುತ್ತಾರೇನೋ ಅಂದುಕೊಂಡೆ, ಆಗಲ್ಲ ಅಂದರು, ಟೇಪ್ ಆ ಬಿಸಿಗೆ ಆ ಒತ್ತಡಕ್ಕೆ ನಿಲ್ಲಲ್ಲ, ಘಾಟಿಯಲ್ಲೇ ಬಿಡುತ್ತೆ. ಬೆಂಗಳೂರಿನಿಂದ ಬಸ್ಸಿಗೆ ಹಾಕಿಸಿ ಮರುದಿನ ತರಿಸಿದರು. ಹಾಕುವ ಮೊದಲು ಎರಡೂ ತುದಿಯ ಆಯಿಲ್ ಒರೆಸಿ ಒಣಗಿಸಿದರು, ಜಾರಿ ಬಿಡಬಾರದು ಅಂತ. ಕ್ಲಿಪ್ಪು ಎರಡೂ ಹೊಸದು. ಕೋಡ್ ಅಳಿಸಿ, ಅದೇ ಏರಿಗೆ ಮತ್ತೆ ಕರೆದುಕೊಂಡು ಹೋದರು. ಕೇಳಿದ್ದು 220, ಬಂದಿದ್ದು 217. ಹಿಂದೆ ಹೊಗೆ ಇಲ್ಲ. ಬಿಲ್ಲು ಹೀಗೆ: ಪೈಪು ಮತ್ತು ಕ್ಲಿಪ್ಪಿಗೆ 1,450, ಕಾಯಿಲೆ ಹುಡುಕಿದ್ದಕ್ಕೆ 1,200. ಪೈಪು ಹಾಕಿದ ಕೂಲಿ ಬೇರೆ ತಗೊಳ್ಳಲಿಲ್ಲ. ಹುಡುಕೋ ಚಾರ್ಜ್ 1,200 ಆಗುತ್ತೆ, ಸಿಗದೇ ಇದ್ದರೂ ಕೊಡಬೇಕು ಅಂತ ಶುರುವಿನಲ್ಲೇ ಹೇಳಿದ್ದರು. ಆಗ ಸ್ವಲ್ಪ ಜಾಸ್ತಿ ಅನಿಸಿತ್ತು. ಅವರ ಎರಡೂವರೆ ಗಂಟೆ ಕೆಲಸ ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ಕೊರತೆಗಳೂ ಇವೆ. ಕೂರಲು ಜಾಗ ಅಂತ ಇರುವುದು ಎರಡು ಪ್ಲಾಸ್ಟಿಕ್ ಸ್ಟೂಲು. ಟಾಯ್ಲೆಟ್ ಇಲ್ಲ, ಹೆಂಗಸರಿಗೆ ಇದು ನಿಜವಾಗಿಯೂ ಕಷ್ಟ, ನಾನು ಮನೆಗೆ ಹೋಗಿ ಬಂದೆ. ಫೋನ್ ಎತ್ತುವುದು ಅಪರೂಪ. ಸರದಿ ಸಿಗಲು ಮೂರು ನಾಲ್ಕು ದಿನ ಆಗಬಹುದು. ಬಿಲ್ಲು ಕೈಬರಹದ್ದು, ಇನ್ಶೂರೆನ್ಸ್ ಕ್ಲೇಮ್ ಇರುವವರಿಗೆ ಆಗಿಬರುವುದಿಲ್ಲ. ವಾರಂಟಿ ಇರುವ ಹೊಸ ಗಾಡಿಯನ್ನು ಅವರೇ ಮುಟ್ಟುವುದಿಲ್ಲ, ಕಂಪನಿಗೇ ಒಯ್ಯಿರಿ ಅಂತ ಕಳಿಸುತ್ತಾರೆ.

ಇದಾದ ಮೇಲೆ ನಾನೂ 700 ರೂಪಾಯಿಯ ಒಂದು ಇಎಲ್‌ಎಂ327 ಬ್ಲೂಟೂತ್ ಡಾಂಗಲ್ ತರಿಸಿದೆ, ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಚುಚ್ಚಿ ಮೊಬೈಲಿನಲ್ಲಿ ನೋಡುವಂಥದ್ದು. ಕೋಡ್ ಓದಲು, ಮ್ಯಾಪ್ ಸೆನ್ಸರಿನ ಒತ್ತಡ ನೋಡಲು ಸಾಕು. ಕಂಪ್ಯೂಟರ್ ಎಷ್ಟು ಕೇಳುತ್ತಿದೆ ಅನ್ನುವುದನ್ನು ನನ್ನ ಗಾಡಿಯಲ್ಲಿ ಅದು ತೋರಿಸುವುದಿಲ್ಲ, ಅದಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು. ಕೋಡ್ ಬಂದ ಕೂಡಲೇ ಅಳಿಸಬೇಡಿ. ಕೋಡ್ ಬಂದ ಕ್ಷಣದಲ್ಲಿ ಸುತ್ತು ಎಷ್ಟಿತ್ತು, ಲೋಡ್ ಎಷ್ಟಿತ್ತು ಅಂತ ಗಾಡಿ ಬರೆದಿಟ್ಟುಕೊಂಡಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ.

ಅದಾದ ಮೇಲೆ ನಾಲ್ಕು ಸಲ ಪುತ್ತೂರಿಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಏರಿನಲ್ಲಿ ಒತ್ತುವಾಗ ಕಿವಿ ಬಾನೆಟ್ ಕಡೆಗೇ ಇತ್ತು. ಏನೂ ಸದ್ದಿಲ್ಲ. ದೋಣಿಗಾಲ್ ಹತ್ತಿರ ಅಮ್ಮ ಹಿಡಿಯಿಂದ ಕೈ ತೆಗೆದು ಬ್ಯಾಗಿನಿಂದ ಹಲಸಿನ ಹಪ್ಪಳದ ಡಬ್ಬಿ ತೆಗೆದರು.

ವಿಳಾಸ ಬೇಕಾದವರು ನನ್ನನ್ನು ಕೇಳಿ, ದಾರಿ ಹೇಳುತ್ತೇನೆ, ಅಷ್ಟಕ್ಕೆ ಅವರು ಒಪ್ಪಿದ್ದಾರೆ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೋಗಿ, ಗಾಡಿ ದಿನಾ ಓಡಿಸುವವರೇ ಹೋಗಿ. ರೋಡ್ ಟೆಸ್ಟ್ ಇರುತ್ತದೆ, ಕಾಲು ಟ್ಯಾಂಕ್ ಆದರೂ ಡೀಸೆಲ್ ಇರಲಿ. ಇಂಜಿನ್ ತೊಳೆಸದೇ ಒಯ್ಯಿರಿ.